ಅತ್ತೆಯ ಹೆಸರು, ಮಾವನ ಪಾಡು

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದೆ. ಹಿಂದಿನಿಂದ ಯಾರೋ ಗಂಡಸು ಗಂಟಲು ಹರಿಯುವ ಹಾಗೆ ‘ಏ!’ ಎಂದು ಕೂಗಿದ. ಬರೀ ‘ಏ’, ಮುಂದೆ ಏನೂ ಇಲ್ಲ. ಪ್ಲಾಟ್‌ಫಾರಂ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೇ ತಿರುಗಿ ನೋಡಿದೆವು. ಬುತ್ತಿಗಂಟು ಹಿಡಿದವಳು, ಮೊಬೈಲಿನಲ್ಲಿ ಮುಳುಗಿದ್ದವಳು, ಡ್ಯೂಟಿ ಮುಗಿಸಿ ಹೊರಟಿದ್ದ ನರ್ಸಮ್ಮ, ಎಲ್ಲರೂ. ತಿರುಗದೆ ಇದ್ದವಳು ಒಬ್ಬಳೇ, ಅವನ ಹೆಂಡತಿ. ಆಕೆ ಹಾಯಾಗಿ ಶೇಂಗಾ ತಿನ್ನುತ್ತಿದ್ದಳು. ತಿರುಗಿದವರಲ್ಲಿ ನಾನೂ ಇದ್ದೆನಲ್ಲ ಎಂದು ಆಮೇಲೆ ನನ್ನನ್ನೇ ಬೈದುಕೊಂಡೆ. ಏಕೆಂದರೆ ನಾನು ಸಾಮಾನ್ಯಳಲ್ಲ ನೋಡಿ. ಸೇಡಂನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವಳು, ಅಡುಗೆಯ ಬಿಡುವಿನಲ್ಲಿ ಉಗ್ರ ಸ್ತ್ರೀವಾದಿ. ಗಂಡಾಳಿಕೆಯ ಬುಡಕ್ಕೆ ಬೆಂಕಿ ಹಚ್ಚಬೇಕೆಂದು ಪುಟಗಟ್ಟಲೆ ಬರೆದಿದ್ದೇನೆ. ಆದರೂ ಯಾರೋ ಒಬ್ಬ ಅಪರಿಚಿತ ‘ಏ’ ಅಂದರೆ ಸಾಕು, ಕತ್ತು ತಾನಾಗಿ ತಿರುಗುತ್ತದೆ.

ರೈಲಿನಲ್ಲಿ ಕೂತಮೇಲೆ ನಗು ತಡೆಯಲಾಗಲಿಲ್ಲ. ನಮ್ಮ ಅತ್ತೆ ನೆನಪಾದರು.

ಶಹಾಬಾದಿನ ನಮ್ಮ ಮನೆಯಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವ ಭಾಗ್ಯ ಇದ್ದದ್ದು ಎಮ್ಮೆಗೆ ಮಾತ್ರ. ಮಾವ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ನೇರ ಹಿತ್ತಲಿಗೆ ಹೋಗಿ, ‘ಗೌರೀ, ಹ್ಯಾಂಗಿದ್ದೀ ನನ್ನವ್ವಾ? ನಿದ್ದಿ ಬಂತಿಲ್ಲೋ?’ ಎಂದು ಅದರ ಕೊರಳು ಸವರುತ್ತಿದ್ದರು. ಅದೇ ಬಾಯಿ ಅಡುಗೆಮನೆಯ ಕಡೆ ತಿರುಗಿತೋ, ‘ಏ! ಚಾ ತಾ.’ ಅಷ್ಟೇ. ಅತ್ತೆಯೂ ಮಾವನ ಹೆಸರು ಹೇಳುವವರಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಆಸ್ಪತ್ರೆಯಲ್ಲೋ ರೇಷನ್ ಅಂಗಡಿಯಲ್ಲೋ ಗಂಡನ ಹೆಸರು ಕೇಳಿದರೆ ಎರಡೂ ಕೈ ಮುಗಿದು, ‘ಹಿಂಗ ಮಾಡಿ ಏನಂತೀವಿ ನಾವು? ಅದಕ್ಕ ಅಪ್ಪ ಹಚ್ರಿ’ ಎನ್ನುತ್ತಿದ್ದರು. ಹೊಸದಾಗಿ ಬಂದ ಗುಮಾಸ್ತನೊಬ್ಬ ‘ನಮಸ್ಕಾರಪ್ಪ’ ಎಂದು ಬರೆದುಕೊಂಡಿದ್ದ. ನಮ್ಮ ಮಾವನ ಹೆಸರು ಶರಣಪ್ಪ.

ಈ ಶರಣಪ್ಪನವರ ನೆನಪಿನ ಶಕ್ತಿ ಎಂಥದ್ದು ಅಂತೀರಿ! ಸಿಮೆಂಟ್ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಂ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೂರೂ ಪಾಳಿಯ ಕೆಲಸಗಾರರ ಹೆಸರು, ಅವರ ಅಪ್ಪಂದಿರ ಹೆಸರು, ಕೆಲವರ ಅಜ್ಜಂದಿರದ್ದೂ ಬಾಯಿಪಾಠ. ಈಗಲೂ ಪೇಟೆಯಲ್ಲಿ ನಡೆದರೆ, ‘ಏನೋ ಭೀಮಶಾ, ಹಣಮಂತನ ಮಗಾ, ಸೊಂಟನೋವು ಹ್ಯಾಂಗದ?’ ಎಂದು ಹಾದಿಬೀದಿಯವರನ್ನೆಲ್ಲ ಮಾತಾಡಿಸುತ್ತಾರೆ. ಅವರಿಗೆ ಇನ್ನೊಂದು ಹೆಮ್ಮೆಯೂ ಉಂಟು. ಸಂಜೆ ಮನೆಯ ಮುಂದಿನ ಫರಸಿಕಲ್ಲಿನ ಕಟ್ಟೆಯ ಮೇಲೆ ಗೆಳೆಯರನ್ನು ಕೂಡಿಸಿಕೊಂಡು, ‘ಹೆಣ್ಣು ಗಂಡು ಸಮಾನ ಅಂತ ನಮ್ಮ ಶರಣರು ಅವಾಗೇ ಹೇಳ್ಯಾರ. ಈಗಿನವರು ಹೊಸಾದೇನು ಹೇಳ್ತಾರ?’ ಎಂದು ಭಾಷಣ ಬಿಗಿಯುತ್ತಿದ್ದರು. ಭಾಷಣ ರಂಗೇರುತ್ತಿದ್ದ ಹಾಗೆ ಒಳಗಿನ ಕಡೆ ಕತ್ತು ಚಾಚಿ, ‘ಏ! ಇನ್ನೊಂದು ಸುತ್ತು ಚಾ ಬರಲಿ.’ ಸಮಾನತೆಗೆ ಸಕ್ಕರೆ ಹಾಕಿ ಕೊಟ್ಟು ಕೊಟ್ಟು ಅತ್ತೆಗೆ ಸಾಕಾಗಿತ್ತು.

ಇನ್ನು ನನ್ನ ಲೇಖನಗಳ ಕಥೆ. ಅವನ್ನು ಓದುವವರು ಯಾರು ಎಂಬ ಪ್ರಶ್ನೆಯನ್ನು ನಾನು ಬಹಳ ಧೈರ್ಯದಿಂದ ತಪ್ಪಿಸಿಕೊಂಡು ಬಂದವಳು. ನನ್ನ ಗಂಡ ತಲೆಬರಹ ಓದಿ, ‘ಇವತ್ತ ನಾ ಊಟಕ್ಕ ಬರಬೇಕೋ ಬ್ಯಾಡೋ?’ ಎಂದು ಕೇಳಿ ರಾವೂರಿನ ಕಲ್ಲುಗಣಿಯ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಅಚ್ಚಾದ ಪತ್ರಿಕೆ ಜೋಳದ ಡಬ್ಬದ ಮೇಲೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಕಾಲೇಜಿಗೆ ರಜೆ. ಹಿತ್ತಲಲ್ಲಿ ಯಾರೋ ನನ್ನ ವಾಕ್ಯಗಳನ್ನು ರಾಗವಾಗಿ ಓದುತ್ತಿರುವುದು ಕೇಳಿಸಿತು. ಇಣುಕಿ ನೋಡಿದರೆ ಅತ್ತೆ! ನಾಲ್ಕನೇ ಇಯತ್ತೆ ಕಲಿತವರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಪುರಾಣ ಹಚ್ಚಿದವರ ಹಾಗೆ ಒಂದೊಂದು ಸಾಲು ಓದಿ, ಅರ್ಥ ಬಿಡಿಸಿ ಹೇಳುತ್ತಿದ್ದರು. ಮುಂದೆ ಕೂತು ಬಳ್ಳೊಳ್ಳಿ ಸುಲಿಯುತ್ತ ಕೇಳುತ್ತಿದ್ದವಳು ಪಕ್ಕದ ಮನೆಯ ರಾಚಮ್ಮ.

‘ಪುರುಷಪ್ರಧಾನ ವ್ಯವಸ್ಥೆಯು ಹೆಣ್ಣಿನ ದುಡಿಮೆಯನ್ನು ಉಂಡು, ತೇಗಿ, ಮಲಗುತ್ತದೆ’ ಎಂದು ಓದಿದ ಅತ್ತೆ ಪತ್ರಿಕೆ ಕೆಳಗಿಟ್ಟರು.

‘ರಾಚವ್ವ, ತಿಳೀತಿಲ್ಲೋ? ಇದು ನಮ್ಮವರ ಬಗ್ಗೇ ಬರದಾಳ.’

‘ಯವ್ವಾ ಯವ್ವಾ! ತೇಗೋದು ಸುದ್ದಾ ಬರದಾಳೇನ್ರೀ?’

‘ಬರದಾಳಂದ್ರ! ಇಗಾ ನೋಡು, ವ್ಯವಸ್ಥಾ ಅಂತ ಹೆಸರಿಟ್ಟಾಳ.’

ಗಂಡನ ಹೆಸರು ಹೇಳುವಂತಿಲ್ಲದ ಹೆಂಗಸರಿಗೆ ಇಂಥದ್ದೊಂದು ಪದ ಸಿಕ್ಕರೆ ಬಿಡುತ್ತಾರೆಯೇ? ಅವತ್ತಿನಿಂದ ನಮ್ಮ ಓಣಿಯ ಗಂಡಂದಿರೆಲ್ಲ ವ್ಯವಸ್ಥೆಗಳಾದರು. ‘ವ್ಯವಸ್ಥಾ ಎದ್ದದೇನು ನೋಡು ತಂಗಿ, ಚಾಕ್ಕಿಡಬೇಕು’ ಎಂದು ಅತ್ತೆ ನನಗೆ ಹೇಳುವರು. ‘ನಮ್ಮನಿ ವ್ಯವಸ್ಥಾ ಇನ್ನಾ ಗೊರಕಿ ಹೊಡೀಲಿಕತ್ತದ’ ಎಂದು ಗೋಡೆಯಾಚೆಯಿಂದ ರಾಚಮ್ಮ. ನಲ್ಲಿಯ ಹತ್ತಿರ ಒಬ್ಬಳ ವ್ಯವಸ್ಥೆಗೆ ಶುಗರ್ ಬಂದಿತ್ತು, ಇನ್ನೊಬ್ಬಳ ವ್ಯವಸ್ಥೆ ಕನ್ನಡಕದ ಮೇಲೆ ಕೂತು ಮುರಿದಿತ್ತು. ನಾನು ಬೇರುಸಹಿತ ಕೀಳಬೇಕೆಂದು ಬರೆದ ವ್ಯವಸ್ಥೆಗೆ ಇವರು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಮಾವನಿಗೂ ಆ ಪದ ಕಿವಿಗೆ ಬೀಳುತ್ತಿತ್ತು. ‘ಸೊಸಿ ಬರದದ್ದು ಓದಿ ಹೆಣ್ಮಕ್ಕಳು ಭಾಳ ಶಾಣ್ಯಾ ಆಗ್ಯಾರ, ದೇಶದ ಮಾತು ಆಡ್ಲಿಕತ್ತಾರ’ ಎಂದು ಕಟ್ಟೆಯ ಮೇಲೆ ಮೀಸೆ ತಿರುವಿದರು.

ಇಷ್ಟರಲ್ಲೇ ನಿಂತಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ನನಗೆ ಹುಮ್ಮಸ್ಸು ಬಂತು. ನಮ್ಮಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಉಂಟಲ್ಲ, ತಾಟಿನಲ್ಲಿ ಅಕ್ಕಿ ಹರಡಿ ಮದುಮಗ ಉಂಗುರದಿಂದ ಹೊಸ ಹೆಸರು ಗೀಚುವುದು, ಅದರ ಮೇಲೆ ಒಂದು ಬೆಂಕಿಯಂಥ ಲೇಖನ ಬರೆದೆ. ‘ಗಂಡಾಳಿಕೆಯ ಮೊದಲ ಕಳ್ಳತನ ಹೆಣ್ಣಿನ ಹೆಸರು’ ಎಂದು ಶುರು. ನನ್ನ ಮದುವೆಯಲ್ಲಿ ನಾನು ಉಂಗುರ ಕಸಿದುಕೊಂಡು ನನ್ನ ಹೆಸರನ್ನೇ ಅಕ್ಕಿಯಲ್ಲಿ ಬರೆದ ಪರಾಕ್ರಮವೂ ಅದರಲ್ಲಿ ಇತ್ತು. ಅತ್ತೆ ಇದನ್ನು ಹಿತ್ತಲಲ್ಲಿ ಓದಲಿಲ್ಲ. ಒಬ್ಬರೇ ಅಡುಗೆಮನೆಯ ಬಾಗಿಲಿಗೆ ಒರಗಿ ಓದಿದರು. ಓದಿ ಮುಗಿಸಿ ನನ್ನ ಬಳಿ ಬಂದರು.

‘ತಂಗಿ, ಇಷ್ಟೆಲ್ಲಾ ಬರದೀ. ನನ್ನ ಹೆಸರು ಯಾಕ ಬರದಿಲ್ಲ?’

‘ಬರೀತೀನಿ ತಡೀರಿ ಅತ್ತಿ. ಸುಶೀಲಾ ಅಂತ...’

‘ಅದು ನಿಮ್ಮ ಮಾವಾರು ಅಕ್ಕ್ಯಾಗ ಬರದದ್ದು. ನಮ್ಮವ್ವ ಇಟ್ಟದ್ದು ಬ್ಯಾರೇನೇ ಅದ.’

ಊರಿಗೆಲ್ಲ ಹೆಸರಿನ ಕಳ್ಳತನದ ಬಗ್ಗೆ ಸಾರಿದವಳಿಗೆ, ಒಂದೇ ಒಲೆಯ ಮುಂದೆ ನಿಂತ ಹೆಂಗಸಿನ ಹೆಸರು ಗೊತ್ತಿಲ್ಲ! ಸಂಜೆ ಗಂಡನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅವ್ವನ ಹೆಸರು ಅವ್ವ’ ಎಂದರು.

‘ಏನು ಹೆಸರು ಅತ್ತಿ? ಹೇಳ್ರೀ’ ಎಂದು ಗೋಗರೆದೆ.

‘ನಾ ಹೇಳಂಗಿಲ್ಲ. ತಗದವರೇ ತಂದು ಕೊಡ್ಲಿ’ ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಮಾವ ಹಿತ್ತಲಿಂದ ಬಂದು ‘ಏ! ಚಾ ತಾ’ ಎಂದರು. ಉತ್ತರವಿಲ್ಲ. ‘ಏ! ಕೇಳ್ತೇನು?’ ಇಲ್ಲ. ಅತ್ತೆ ಒಳಗೆ ಶಾಂತವಾಗಿ ರೊಟ್ಟಿ ಬಡಿಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಚಹಾ ಬಂತು, ಊಟ ಬಂತು, ಎಲ್ಲ ಬಂತು. ಓಗೊಡುವುದೊಂದು ಬರಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಮಾವ ಗಾಬರಿಯಾದರು. ‘ನಿಮ್ಮತ್ತಿ ಕಿವಿ ಹೋಗ್ಯಾವ ತಂಗಿ, ಪೂರಾ ಹೋಗ್ಯಾವ’ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಆಟೋ ಕರೆಸಿ, ನನ್ನನ್ನೂ ಕೂರಿಸಿಕೊಂಡು ಡಾಕ್ಟರ ಬಳಿಗೆ ಹೊರಟರು. ಅತ್ತೆ ಇಳಕಲ್ ಸೀರೆ ಉಟ್ಟು ಮದುವೆಗೆ ಹೊರಟವರ ಹಾಗೆ ಬಂದರು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಹಿಂದೆ ನಿಂತು ಪಿಸುಗುಟ್ಟಿದರು.

‘ಅಜ್ಜಿ, ಕೇಳಿಸ್ತದೇನು?’

‘ಎಲ್ಲಾ ಕೇಳ್ತದ್ರೀ. ಹೊರಗ ನಿಮ್ಮ ಕಂಪೌಂಡರ ಯಾರಿಗೋ ಸುಳ್ಳು ಹೇಳ್ಲಿಕತ್ತಾನ, ಡಾಕ್ಟರು ಊರಾಗಿಲ್ಲಂತ.’

ಡಾಕ್ಟರು ಕೆಮ್ಮಿ, ಚೀಟಿ ತೆಗೆದು, ‘ಹೆಸರೇನ್ರೀ?’ ಎಂದರು.

‘ಇವರಿಗಿ ಕೇಳ್ರಿ.’

‘ಸುಶೀಲಾ’ ಎಂದರು ಮಾವ.

‘ಅಲ್ಲ’ ಎಂದರು ಅತ್ತೆ.

ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಇದು ಕಿವಿಯ ಕಾಯಿಲೆ ಅಲ್ಲವೆಂದು ತಿಳಿದು ಚೀಟಿ ಒಳಗಿಟ್ಟರು.

ಆಟೋದಲ್ಲಿ ಬರುವಾಗ ಮಾವ ನೆನಪಿನ ಬುಟ್ಟಿಗೆ ಕೈ ಹಾಕಿದರು. ‘ಮಲ್ಲಮ್ಮ? ಅಲ್ಲಾ? ಈರಮ್ಮ? ನಿಂಗಮ್ಮ? ಕಾಶಮ್ಮ? ತಡಿ ತಡಿ, ಬಸಮ್ಮ!’

‘ವೋಟರ್ ಲಿಸ್ಟ್ ಓದಬ್ಯಾಡ್ರಿ’ ಎಂದು ಅತ್ತೆ ಹೊರಗೆ ನೋಡಿದರು. ಆಟೋದವನು ನಕ್ಕ ರಭಸಕ್ಕೆ ಗಾಡಿ ಗುಂಡಿಗೆ ಇಳಿಯಿತು.

ಆ ಸಂಜೆ ಅಡುಗೆಮನೆಯಲ್ಲಿ ಅತ್ತೆಯೇ ಮಾತು ತೆಗೆದರು. ‘ನಗಬ್ಯಾಡ ತಂಗಿ. ಹಟ ಅಲ್ಲ ಇದು. ಅವ್ವ ಹೋದ ಮ್ಯಾಲ ಆ ಹೆಸರಲೇ ಯಾರೂ ಕರದಿಲ್ಲ. ತವರಾಗೂ ಅಣ್ಣಂದಿರು ಹೋಗ್ಯಾರ, ಅವರ ಮಕ್ಕಳಿಗಿ ನಾ ಬರೀ ಅತ್ತಿ. ನಾ ಕಣ್ಣು ಮುಚ್ಚೋದ್ರಾಗ ಒಮ್ಮೆ ಕೇಳಬೇಕು ಅನಸ್ಯಾದ. ಚಂದಾಪುರದಾಗ ನನ್ನ ಗೆಳತಿ ಖೈರುನ್ ಬೀ ಇದ್ದಾಳ. ಆಕಿಗೊಬ್ಬಾಕಿಗಿ ಗೊತ್ತದ. ಬೇಕಿದ್ರ ಹೋಗ್ಲಿ ನಿಮ್ಮ ಮಾವಾರು.’ ನಾನು ನಗುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ನೆಪ ಹೇಳಲು ಹೊಗೆಯೂ ಇರಲಿಲ್ಲ, ನಮ್ಮದು ಗ್ಯಾಸಿನ ಒಲೆ.

ವಿಷಯ ತಿಳಿದು ಮಾವ ಹಾರಾಡಿದರು. ‘ಹೆಂಡ್ತಿ ಹೆಸರು ಕೇಳ್ಕೋತ ಊರೂರು ತಿರುಗ್ಲೇನು ಈ ವಯಸ್ಸಿನಾಗ? ಮಂದಿ ಏನಂತಾರ?’ ಎಂದರು. ಆದರೆ ಒಂದು ಮುಂಜಾನೆ ನೋಡುತ್ತೇನೆ, ತೊಳೆದ ಧೋತರ, ಇಸ್ತ್ರಿ ಅಂಗಿ, ತಲೆಗೆ ಟೋಪಿ ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. ‘ನಡಿ ತಂಗಿ. ನೀನೇ ಹಚ್ಚಿದ ಬೆಂಕಿ ಅದ, ನೀನೇ ಸಂಗಾಟ ಬಾ.’

ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಬಸ್ಸಿನ ಪ್ರಯಾಣ. ಪ್ರತಿ ಸ್ಟಾಂಡಿನಲ್ಲೂ ಯಾರೋ ಒಬ್ಬರು ಕಿಟಕಿಗೆ ಬಂದು ಶರಣು ಹೇಳುವರು, ಮಾವ ಅವರ ಹೆಸರು, ಅಪ್ಪನ ಹೆಸರು, ಪಾಳಿ ಎಲ್ಲ ಹೇಳುವರು. ಸೇಡಂನಲ್ಲಿ ಹಳೆಯ ಕೆಲಸಗಾರನೊಬ್ಬ, ‘ಎಲ್ಲಿಗಿ ಹೊಂಟೀರಿ ಸಾಹೇಬ್ರ?’ ಎಂದ. ಮಾವ ತಡವರಿಸಿ, ‘ಚಂದ್ರಂಪಳ್ಳಿ ಡ್ಯಾಮ್ ನೋಡ್ಲಿಕ್ಕ’ ಎಂದರು. ‘ಬ್ಯಾಸಿಗ್ಯಾಗ ಅಲ್ಲೇನದ್ರೀ ನೋಡ್ಲಿಕ್ಕ, ಬರೀ ಕಲ್ಲು!’ ಎಂದು ಅವನು ಮಾವನ ಆರೋಗ್ಯದ ಬಗ್ಗೆ ಅನುಮಾನದಿಂದ ನನ್ನ ಮುಖ ನೋಡಿದ. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಚಿಂಚೋಳಿಗೆ ಹೊಂದಿಕೊಂಡೇ ಇರುವ ಚಂದಾಪುರದಲ್ಲಿ ಖೈರುನ್ ಬೀಯವರ ಮಗನ ಬಳೆ ಅಂಗಡಿ. ಹಿಂದೆಯೇ ಮನೆ. ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ‘ಯಾ ಅಲ್ಲಾ! ದುಲ್ಹೇಭಾಯಿ ಬಂದಾರ! ಬರ್ರಿ ಬರ್ರಿ, ಕುಂದ್ರಿ’ ಎಂದು ಎದ್ದರು. ಮೊಮ್ಮಕ್ಕಳಿರುವ ನಮ್ಮ ಮಾವ, ಭಾವನನ್ನು ಕರೆಯುವ ಆ ‘ದುಲ್ಹೇಭಾಯಿ’ಗೆ ಮದುಮಗನ ಹಾಗೆ ಕೆಂಪಾದರು. ಶರಬತ್ತು ಕುಡಿದು, ಟೋಪಿ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಬಂದ ಕೆಲಸ ಹೇಳಿದರು. ಖೈರುನ್ ಬೀ ನಗಲಿಲ್ಲ. ಕೈಯಲ್ಲಿದ್ದ ಬೀಸಣಿಗೆ ಕೆಳಗಿಟ್ಟರು.

‘ಹೇಳ್ತೀನ್ರಿ. ಮೊದ್ಲು ನೀವು ಹೇಳ್ರಿ. ಆಕಿಗಿ ಯಾವ ಬಣ್ಣದ ಬಳಿ ಸೇರ್ತಾವ?’

‘ಹಸಿರು’ ಎಂದರು ಮಾವ, ಇದಾದರೂ ಗೊತ್ತಿದೆಯೆಂಬ ಖುಷಿಯಲ್ಲಿ.

‘ಹಸಿರು ನಿಮ್ಮವ್ವಗ ಸೇರ್ತಿದ್ವು. ಆಕಿಗಿ ನೀಲಿ. ತಿನ್ನಾಕ ಏನು ಸೇರ್ತದ?’

‘ರೊಟ್ಟಿ ಪಲ್ಯ...’

‘ಅದು ನಿಮಗ ಸೇರ್ತದ. ಆಕಿ ಹುಣಸೀಕಾಯಿಗಿ ಉಪ್ಪು ಹಚ್ಕೊಂಡು ತಿನ್ನಾಕಿ. ನಾನೂ ಆಕಿ ಒಂದೇ ಗಿಡ ಹತ್ತೀವಿ, ಒಂದೇ ಮಾಸ್ತರ ಕೈಲೆ ಏಟು ತಿಂದೀವಿ.’

ಮಾವ ತಲೆ ತಗ್ಗಿಸಿದರು. ನಾನು ಅಷ್ಟು ವರ್ಷ ಬರೆದ ಲೇಖನಗಳೆಲ್ಲ ಸೇರಿ ಮಾಡಲಾಗದ್ದನ್ನು ಈ ಅಜ್ಜಿ ಎರಡು ಪ್ರಶ್ನೆಯಲ್ಲಿ ಮಾಡಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

‘ಆಕಿಕಿಂತ ಮೊದ್ಲು ಹುಟ್ಟಿದ ಹೆಣ್ಣುಕೂಸು ಒಂದೂ ಉಳೀಲಿಲ್ಲ’ ಎಂದರು ಖೈರುನ್ ಬೀ. ‘ಈಕಿ ಹುಟ್ಟಿದ ಕೂಡ್ಲೆ ಅವರವ್ವ ಬಾಣಂತಿ ಎದ್ದು ಹೋಗಿ, ಕೂಸಿಗಿ ತಿಪ್ಪಿ ಮ್ಯಾಲ ಹೊರಳಾಡಿಸಿದ್ಳಂತ. ‘ಇದು ತಿಪ್ಪಿ ಕಸ ಅದ, ಯಾರಿಗೂ ಬ್ಯಾಡ, ಒಯ್ಯಬ್ಯಾಡ್ರಿ’ ಅಂತ ಸಾವಿಗಿ ಕೇಳೋಹಂಗ ಒದರಿ ಒದರಿ ಹೇಳಿದ್ಳಂತ. ಅದಕ್ಕ ತಿಪ್ಪವ್ವ ಅಂತ ಹೆಸರು. ಕೂಸು ಉಳೀತು. ಲಗ್ನದಾಗ ನಿಮ್ಮವ್ವ ಮೂಗು ಮುರದ್ರು. ಟೈಂ ಆಫೀಸಿನವನ ಹೆಂಡ್ತಿ ತಿಪ್ಪವ್ವ ಅಂದ್ರ ಮಾನ ಹೋಗ್ತದ ಅಂತ. ನೀವು ಸುಶೀಲಾ ಅಂತ ಬರದ್ರಿ. ಅವರವ್ವ ಹಂದರದ ಮೂಲ್ಯಾಗ ಕುಂತು ಅತ್ತದ್ದು ನಾ ನೋಡೀನಿ.’

ಮಾವನಿಗೆ ಆಗ ನೆನಪಾಯಿತು. ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟು ಸಾವಿರ ಹೆಸರು ಇಟ್ಟುಕೊಂಡ ತಲೆಯಲ್ಲಿ ಇದೊಂದಕ್ಕೆ ಜಾಗ ಕೊಟ್ಟಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಸೇಡಂ ದಾಟಿದ ಮೇಲೆ ಪಕ್ಕದಿಂದ ಏನೋ ಗುಣುಗುಣು ಕೇಳಿಸಿತು. ಮಾವ ಕಣ್ಣು ಮುಚ್ಚಿ, ತುಟಿಯಲ್ಲೇ, ‘ತಿಪ್ಪವ್ವ... ತಿಪ್ಪವ್ವಾ... ಏ ತಿಪ್ಪವ್ವ...’ ಎಂದು ತಾಲೀಮು ಮಾಡುತ್ತಿದ್ದರು. ಚಿತ್ತಾಪುರ ಹತ್ತಿರವಾದಾಗ ದನಿ ಸ್ವಲ್ಪ ಏರಿತು. ಮುಂದಿನ ಸೀಟಿನ ಹೆಂಗಸು ಗಕ್ಕನೆ ತಿರುಗಿದಳು.

‘ನನಗ ಕರದ್ರೇನ್ರೀ ಅಜ್ಜಾರ?’

ಮಾವ ಟೋಪಿ ಬೀಳುವಷ್ಟು ಬೆಚ್ಚಿದರು. ‘ಇಲ್ಲವ್ವ, ಇಲ್ಲ. ನನ್ನ ಹೆಂಡ್ತಿ ಹೆಸರದು.’

‘ಅಯ್ಯ, ನಂದೂ ಅದೇ ಅದ್ರೀ! ಎಲ್ಲಿದ್ದಾರ ಅಕ್ಕಾರು?’ ಎಂದು ಆಕೆ ಬಸ್ಸೆಲ್ಲ ಹುಡುಕಿದಳು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹಿಡಿಯಿತು. ಮಾವನೂ ನಕ್ಕರು. ನಗುತ್ತಲೇ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಗೆಳೆಯರ ಪೂರ್ಣ ಹಾಜರಿ. ಮುಂದಾಳು ನಿವೃತ್ತ ಪೋಸ್ಟ್ ಮಾಸ್ತರ ವೀರಭದ್ರಪ್ಪ. ಮಾವ ಕಟ್ಟೆ ಹತ್ತಲಿಲ್ಲ. ಹೊಸ್ತಿಲ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡು, ಎಮ್ಮೆಗೂ ಕೇಳಿಸದಷ್ಟು ಮೆಲ್ಲಗೆ, ‘ತಿಪ್ಪವ್ವ’ ಎಂದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು.

‘ಜೋರಾಗಿ ಮಾವಾರ’ ಎಂದೆ.

‘ತಿಪ್ಪವ್ವಾ!’

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ರಾಚಮ್ಮ ಗೋಡೆಯ ಮೇಲೆ ತಲೆ ಎತ್ತಿದಳು. ವೀರಭದ್ರಪ್ಪ, ‘ಯಾರೋ ಶರಣಪ್ಪ ತಿಪ್ಪವ್ವ ಅಂದ್ರ? ಹೊಸಾ ಕೆಲಸದಾಕಿಗಿ ಇಟ್ಟೀರೇನು?’ ಎಂದರು.

‘ನನ್ನ ಹೆಂಡ್ತಿ’ ಎಂದರು ಮಾವ. ‘ನಮ್ಮತ್ತಿ ಸಾವಿನ ಕೈಯಾಗಿಂದ ಕಸಗೊಂಡ ಹೆಸರದು. ನಾ ತಗದಿದ್ದೆ. ನಂದು ತಪ್ಪಾಗ್ಯಾದ.’

ರೊಟ್ಟಿ ಬಡಿಯುವುದು ನಿಂತಿತು. ಒಳಗಿನಿಂದ ‘ಓ...’ ಎಂದು ಒಂದು ಓಗೊಡುವಿಕೆ ಬಂತು. ನಾನು ಆ ದನಿಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಹುಣಸೆಗಿಡದ ಮೇಲೆ ಕೂತ ಹುಡುಗಿ ಅವ್ವನಿಗೆ ಓಗೊಟ್ಟ ಹಾಗೆ ಇತ್ತು. ಅತ್ತೆ ಹೊರಗೆ ಬಂದರು. ಕೈತುಂಬ ಜೋಳದ ಹಿಟ್ಟು, ಕೆನ್ನೆಯ ಮೇಲೆ ನೀರು. ಗಂಡಸರ ನಡುವೆ ಮಾವ ದಿನವೂ ಕೂರುವ ಜಾಗದಲ್ಲಿ ಕಟ್ಟೆಯ ಮೇಲೆ ಕೂತರು. ವೀರಭದ್ರಪ್ಪ ಸರಿದು ಜಾಗ ಬಿಟ್ಟರು.

‘ದಣಿದು ಬಂದೀರಿ’ ಎಂದರು ಅತ್ತೆ. ಆಮೇಲೆ ಬೆಟ್ಟದಿಂದ ಜಿಗಿಯುವವರ ಹಾಗೆ ಕಣ್ಣು ಮುಚ್ಚಿ, ‘ಶರಣಪ್ಪಾ, ಎಲ್ಲಾರಿಗೂ ಒಂದೀಟು ಚಾ ಇಡ್ರಿ’ ಎಂದುಬಿಟ್ಟರು.

ಗೋಡೆಯ ಮೇಲಿಂದ ರಾಚಮ್ಮ ‘ಯವ್ವಾ!’ ಎಂದು ಚೀರಿದಳು. ಕಟ್ಟೆಯವರೆಲ್ಲ ಮಾವನನ್ನೇ ನೋಡಿದರು, ಆಯುಷ್ಯ ಅಲ್ಲೇ ಕಡಿಮೆಯಾಗುತ್ತದೆಯೋ ಎಂಬಂತೆ. ಮಾವ ಆರೋಗ್ಯವಾಗಿಯೇ ಇದ್ದರು. ಟೋಪಿ ತೆಗೆದು ಗೂಟಕ್ಕೆ ಹಾಕಿ ಒಳಗೆ ಹೋದರು. ಪಾತ್ರೆಗಳು ಒಂದರ ಮೇಲೊಂದು ಬಿದ್ದ ಸದ್ದಾಯಿತು.

‘ತಿಪ್ಪವ್ವಾ, ಸಕ್ಕರಿ ಡಬ್ಬಿ ಎಲ್ಲದ?’

ಅತ್ತೆ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದರು.

‘ತಿಪ್ಪವ್ವಾ, ಚಾಪುಡಿನೂ ಸಿಗವಲ್ದು! ಏ ತಿಪ್ಪವ್ವಾ!’

ನಾನು ಹೇಳಿಬರಲು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು.

‘ಕುಂದ್ರು ತಂಗಿ. ಸಿಗಬಾರ್ದು. ಇನ್ನೊಂದೀಟು ಕರೀಲಿ.’